ಬಲಗಡೆಯ ಜೇಬು

ಆ ಬೀದಿಯಲ್ಲಿ ಅವನಿಗೆ ಅರ್ಧ ಇಂಚು ಎಂದೇ ಹೆಸರು. ಯಾರು ಬಟ್ಟೆ ತಂದುಕೊಟ್ಟರೂ ಅಳತೆ ತೆಗೆದು, ಟೇಪನ್ನು ಕೊರಳಿಗೆ ಹಾಕಿಕೊಂಡು, "ಒಂದು ಅರ್ಧ ಇಂಚು ಒಳಗೆ ಬಿಟ್ಟಿರ್ತೀನಿ, ಮುಂದೆ ಬೇಕಾಗತ್ತೆ" ಅನ್ನುತ್ತಿದ್ದ. ಮದುವೆಗೆ ಹೊಲಿಸಿದ ಕೋಟನ್ನು ಮೂರು ಮಕ್ಕಳಾದ ಮೇಲೆ ಸಡಿಲ ಮಾಡಿಸಲು ತಂದವರಿಗೆ ಆ ಅರ್ಧ ಇಂಚಿನ ಬೆಲೆ ಗೊತ್ತಿತ್ತು. ಅವನ ಹೆಂಡತಿಗೆ ಮಾತ್ರ ಅದು ನಗೆಯ ವಿಷಯ. "ಬಟ್ಟೇಲಿ ಬಿಡೋದು ಹಾಗಿರಲಿ, ಇವರು ಮಾತಲ್ಲೂ ಅರ್ಧ ಇಂಚು ಒಳಗೇ ಬಿಟ್ಕೊಂಡಿರ್ತಾರೆ" ಎಂದು ಬಂದವರ ಮುಂದೆ ಹೇಳುತ್ತಿದ್ದಳು. ಎಷ್ಟು ನಿಜ ಹೇಳುತ್ತಿದ್ದಾಳೆಂಬುದು ಅವಳಿಗೆ ಗೊತ್ತಿರಲಿಲ್ಲ.

ಅಂಗಡಿ ಎಂಟಡಿ ಅಗಲ, ಹತ್ತಡಿ ಉದ್ದ. ಬೆಳಕು ಎಡಗಡೆಯಿಂದ ಬೀಳುವಂತೆ ಕಿಟಕಿಯ ಪಕ್ಕ ಹೊಲಿಗೆ ಯಂತ್ರ. ಎದುರಿಗೆ ಕತ್ತರಿಸುವ ಮೇಜು, ಅದರ ಅಂಚಿಗೆ ಮೊಳೆಯಿಂದ ಗೀಚಿದ ಅಳತೆಯ ಗೆರೆಗಳು. ಮೇಲಿನ ಹಲಗೆಯ ಮೇಲೆ ನಲವತ್ತೊಂದು ಅಳತೆ ಪುಸ್ತಕಗಳು, ವರ್ಷಕ್ಕೊಂದರಂತೆ. ಯಾರದಾದರೂ ಮೂವತ್ತು ವರ್ಷ ಹಿಂದಿನ ಎದೆಯ ಸುತ್ತಳತೆ ಕೇಳಿದರೆ ಎರಡು ನಿಮಿಷದಲ್ಲಿ ಹುಡುಕಿ ಹೇಳುತ್ತಿದ್ದ. ಕೇಳಿದವರಿಗೆ ಸಾಮಾನ್ಯವಾಗಿ ಬೇಸರವಾಗುತ್ತಿತ್ತು.

ಕೆಲಸ ಕಲಿಸಿದ ಮುದುಕ ಅವನಿಗೆ ಒಂದು ನಿಯಮ ಹೇಳಿಕೊಟ್ಟಿದ್ದ. ಅದು ಮಗುಚುವ ಕೆಲಸಕ್ಕೆ ಸಂಬಂಧಿಸಿದ್ದು. ಹಿಂದೆ ಒಳ್ಳೆಯ ಬಟ್ಟೆ ದುಬಾರಿ. ಕೋಟಿನ ಹೊರಮೈ ಮಾಸಿ ಹೊಳಪು ಬಂದಾಗ ಅದನ್ನು ಎಸೆಯುತ್ತಿರಲಿಲ್ಲ. ದರ್ಜಿ ಎಲ್ಲ ಹೊಲಿಗೆಗಳನ್ನೂ ಬಿಚ್ಚಿ, ಚೀಲ ಮಗುಚಿದ ಹಾಗೆ ಒಳಮೈಯನ್ನು ಹೊರಗೆ ಮಾಡಿ ಮತ್ತೆ ಹೊಲಿಯುತ್ತಿದ್ದ. ಒಳಮೈಗೆ ಬಿಸಿಲು ತಾಗಿರುವುದಿಲ್ಲವಾದ್ದರಿಂದ ಕೋಟು ಹೊಸದರಂತೆ ಕಾಣುತ್ತಿತ್ತು. ಒಂದೇ ತೊಂದರೆ: ಮಗುಚಿದಾಗ ಎಡಭಾಗ ಬಲಕ್ಕೆ ಹೋಗುತ್ತದೆ, ಬಲಭಾಗ ಎಡಕ್ಕೆ ಬರುತ್ತದೆ. ಎಡ ಎದೆಯ ಮೇಲಿದ್ದ ಜೇಬು ಬಲ ಎದೆಗೆ ಹೋಗುತ್ತದೆ. ಗುಂಡಿಗಳ ಸಾಲೂ ಅದಲುಬದಲು. ಕಸುಬಿನವರು ಒಂದು ನೋಟಕ್ಕೆ ಹಿಡಿಯುತ್ತಾರೆ. ಉಳಿದವರ ಕಣ್ಣಿಗೆ ಬೀಳುವುದೇ ಇಲ್ಲ.

"ಗಿರಾಕಿಯ ಬಡತನ ದರ್ಜಿಯ ಬಾಯಿಂದ ಆಚೆ ಹೋಗಬಾರದು" ಎಂಬುದು ಮುದುಕನ ನಿಯಮ. ಮಗುಚಿದ್ದನ್ನು ಹೆಂಡತಿಗೂ ಹೇಳುವ ಹಾಗಿಲ್ಲ, ಪುಸ್ತಕದಲ್ಲೂ ಬರೆಯುವ ಹಾಗಿಲ್ಲ. ಹೆಸರಿನ ಕೆಳಗೆ ಒಂದು ಸಣ್ಣ ಸೊನ್ನೆ ಹಾಕಬೇಕು, ಅಷ್ಟೇ. ಅರ್ಧ ಇಂಚಿನ ಹಳೆಯ ಪುಸ್ತಕಗಳಲ್ಲಿ ಅಂಥ ಸೊನ್ನೆಗಳು ಬಹಳ ಇದ್ದವು. ದೊಡ್ಡ ದೊಡ್ಡ ಹೆಸರುಗಳ ಕೆಳಗೂ ಇದ್ದವು.

ಒಂದು ಸೊನ್ನೆ ಮೇಷ್ಟ್ರ ಹೆಸರಿನ ಕೆಳಗಿತ್ತು.

ಆಗ ಆ ಊರಿನ ಆಸ್ಪತ್ರೆಗೆ ಎರಡು ಬಾಗಿಲು, ಬಸ್ಸಿನಲ್ಲಿ ಎರಡು ಸಾಲು, ಮತದಾರರಿಗೆ ಎರಡು ಪಟ್ಟಿ. ಕೆಲವರು ಮುಂದಿನ ಬಾಗಿಲಿನವರು, ಉಳಿದವರು ಹಿಂದಿನ ಬಾಗಿಲಿನವರು. ಅರ್ಧ ಇಂಚಿನ ಮನೆಯವರು ಹಿಂದಿನ ಬಾಗಿಲಿನವರು. ಮೇಷ್ಟ್ರು ಶಾಲೆಯ ನೌಕರಿ ಬಿಟ್ಟು, ಹತ್ತು ವರ್ಷ ಊರೂರು ಅಲೆದು, ಜನರನ್ನು ಕೂಡಿಸಿ, ಒಂದೇ ಒಂದು ವಾಕ್ಯ ಹೇಳುತ್ತ ಬಂದರು: ಎಲ್ಲರಿಗೂ ಒಂದೇ ಬಾಗಿಲು. ಕಲ್ಲು ತಿಂದರು, ಮೂರು ಸಲ ಜೈಲು ಕಂಡರು. ಅವರ ಕೋಟು ಒಂದೇ. ಅದರ ಮೊಣಕೈ ಕನ್ನಡಿಯ ಹಾಗೆ ಹೊಳೆಯತೊಡಗಿದಾಗ ಅಂಗಡಿಗೆ ತಂದರು.

"ಇದನ್ನ ಹಾಕ್ಕೊಂಡು ವೇದಿಕೆ ಹತ್ತಿದ್ರೆ ನಮ್ಮೋರೇ ಅಯ್ಯೋ ಪಾಪ ಅಂತಾರೆ. ನಂಗೆ ಬೇಕಾಗಿರೋದು ಪಾಪ ಅಲ್ಲಪ್ಪ" ಅಂದರು.

"ಮಗುಚಿ ಕೊಡ್ತೀನಿ ಮೇಷ್ಟ್ರೇ. ಆದ್ರೆ ಜೇಬು ಬಲಕ್ಕೆ ಹೋಗತ್ತೆ."

"ಹೋಗ್ಲಿ ಬಿಡು. ಈ ಊರಲ್ಲಿ ಒಂದಾದ್ರೂ ತನ್ನ ಜಾಗ ಬದಲಾಯಿಸ್ಲಿ."

ಎಂಟು ತಿಂಗಳಾದ ಮೇಲೆ, ಚೌಕದಲ್ಲಿ ಭಾಷಣ ಮಾಡುತ್ತಿದ್ದಾಗ ಒಂದೇ ಒಂದು ಗುಂಡು ಮೇಷ್ಟ್ರ ಎದೆಯ ಜೇಬನ್ನು ತೂರಿಕೊಂಡು ಹೋಯಿತು. ಅವರು ಅಲ್ಲೇ ತೀರಿಕೊಂಡರು. ವೇದಿಕೆಯ ಮೇಲಿದ್ದ ಅವರ ಎಡಗಡೆ ಕೈಗಾಡಿಗಳ ಜೊತೆ ಹಮಾಲರು ನಿಂತಿದ್ದರು. ಬಲಗಡೆ ಮುಂದಿನ ಬಾಗಿಲಿನವರ ಗಿರಣಿಯ ಕಚೇರಿ, ಅದರ ಮಹಡಿಯ ಕಿಟಕಿಗಳು. ಪೊಲೀಸರು ಒಬ್ಬ ಹಮಾಲಿಯನ್ನು ಹಿಡಿದರು. ಅವನ ಗಾಡಿಯ ಕೆಳಗೆ ಪಿಸ್ತೂಲು ಸಿಕ್ಕಿತು ಎಂದರು. ಹಿಂದಿನ ವಾರ ಅವನು ಮೇಷ್ಟ್ರ ಜೊತೆ ಕೂಲಿಯ ವಿಷಯಕ್ಕೆ ಜೋರಾಗಿ ವಾದಿಸಿದ್ದನ್ನು ನೋಡಿದವರಿದ್ದರು. ಅಂತ್ಯಕ್ರಿಯೆ ಅದೇ ದಿನ ಪೊಲೀಸ್ ಕಾವಲಿನಲ್ಲಿ ಮುಗಿಯಿತು. ಮೇಷ್ಟ್ರ ಹೆಂಡತಿಗೆ ಮುಖ ಮಾತ್ರ ತೋರಿಸಿದರು. ವೈದ್ಯರ ವರದಿಯ ಎರಡನೇ ಹಾಳೆ ಕಡತದಿಂದ ಕಾಣೆಯಾಯಿತು. ಕೋಟೂ ಕಾಣೆಯಾಯಿತು. ಪರೀಕ್ಷೆಗೆಂದು ಅದರಿಂದ ಕತ್ತರಿಸಿದ ಒಂದು ಚೌಕ ತುಂಡು ಮಾತ್ರ ಉಳಿಯಿತು: ಜೇಬು, ಜೇಬಿನಲ್ಲೊಂದು ತೂತು. ಅದನ್ನು ರಟ್ಟಿಗೆ ಅಂಟಿಸಿ ಯಾರೋ ಗುಮಾಸ್ತ 'ಎಡ ಎದೆಯ ಜೇಬು' ಎಂದು ಬರೆದಿದ್ದ. ಎದೆಯ ಜೇಬು ಮತ್ತೆಲ್ಲಿರುತ್ತದೆ?

ನ್ಯಾಯಾಲಯದಲ್ಲಿ ಅರ್ಧ ಇಂಚಿಗೆ ಆ ತುಂಡನ್ನು ದೂರದಿಂದ ತೋರಿಸಿ ಒಂದೇ ಪ್ರಶ್ನೆ ಕೇಳಿದರು: ಇದು ನೀನು ಹೊಲಿದ ಬಟ್ಟೆಯೇ? ಹೌದು ಅಂದ. ಇಳಿ ಅಂದರು, ಇಳಿದ. ಒಟ್ಟು ಆರು ನಿಮಿಷ.

ತೀರ್ಪಿನ ಮಾರನೆಯ ದಿನ ಪತ್ರಿಕೆಯಲ್ಲಿ ಓದಿದ: ಗುಂಡು ಎಡಗಡೆಯಿಂದ ಬಂದು ಎಡ ಎದೆಯ ಜೇಬಿಗೆ ಬಿದ್ದಿರುವುದರಿಂದ, ಎಡಗಡೆ ನಿಂತಿದ್ದ ಹಮಾಲಿಯೇ ಅಪರಾಧಿ. ಅವನಿಗೆ ಜೀವಾವಧಿ ಶಿಕ್ಷೆ. ಪತ್ರಿಕೆಯನ್ನು ಮಡಚಿಟ್ಟು ಅಂದು ಎರಡು ಅಂಗಿ ಹೊಲಿದ. ಎರಡರಲ್ಲೂ ಕಾಲರ್ ಸೊಟ್ಟಗಾಯಿತು, ಬಿಚ್ಚಿ ಮತ್ತೆ ಹೊಲಿದ.

ಯಾಕೆ ಹೇಳಲಿಲ್ಲ? ಈ ಪ್ರಶ್ನೆಗೆ ಅವನ ಬಳಿ ಮೂರು ಉತ್ತರಗಳಿದ್ದವು. ಒಂದು, ಯಾರೂ ಕೇಳಲಿಲ್ಲ. ಎರಡು, ಮುದುಕನ ನಿಯಮ. ಸತ್ತ ಮೇಲೂ ಗಿರಾಕಿ ಗಿರಾಕಿಯೇ. ಮೂರು, ಅಂಗಡಿಯಿದ್ದ ಸಾಲು ಗಿರಣಿಯವರದು, ಬಾಯಿ ಬಿಟ್ಟರೆ ಅಂಗಡಿ ಹೋಗುತ್ತದೆ. ತನಗೆ ತಾನು ಹೇಳಿಕೊಳ್ಳುವಾಗ ಎರಡನೆಯದನ್ನೇ ಹೇಳಿಕೊಳ್ಳುತ್ತಿದ್ದ. ತೂಕ ಮೂರನೆಯದಕ್ಕೇ ಹೆಚ್ಚು ಎಂಬುದು ಅಳತೆಯ ಮನುಷ್ಯನಾದ ಅವನಿಗೆ ಗೊತ್ತಿತ್ತು.

ಹಮಾಲಿ ಹನ್ನೊಂದು ವರ್ಷ ಒಳಗಿದ್ದು, ಶಿಕ್ಷೆ ಕಡಿತವಾಗಿ ಹೊರಗೆ ಬಂದ. ಬಾಗಿಲುಗಳು ಕಾನೂನಿನ ಪ್ರಕಾರ ಒಂದಾದವು. ಗಿರಣಿ ಮುಚ್ಚಿತು. ಮೇಷ್ಟ್ರ ಹೆಸರಿನಲ್ಲಿ ರಸ್ತೆ, ಚೌಕದಲ್ಲಿ ಪ್ರತಿಮೆ, ಪ್ರತಿಮೆಯ ಹಿಂದೆ ಸ್ಮಾರಕ ಭವನ. ಹೀಗೆ ಮೂವತ್ಮೂರು ವರ್ಷ.

ಆ ವರ್ಷ ಒಂದು ಬೆಳಿಗ್ಗೆ ಮೇಷ್ಟ್ರ ಮಗಳು ಅಂಗಡಿಗೆ ಬಂದಳು. ತಂದೆ ತೀರಿಕೊಂಡಾಗ ಆರು ವರ್ಷದವಳು, ಈಗ ತಾನೂ ಶಾಲೆಯಲ್ಲಿ ಟೀಚರು. ಕೈಯಲ್ಲಿ ಚೌಕಟ್ಟು ಹಾಕಿದ ಫೋಟೋ.

"ಮಾಮ, ಭವನದಲ್ಲಿ ಅಪ್ಪನ ಕೋಣೆ ಅಂತ ಮಾಡ್ತಿದಾರೆ. ಅಲ್ಲಿಡೋಕೆ ಅವರ ಕೋಟಿನ ಥರಾನೇ ಒಂದು ಕೋಟು ಬೇಕು. ನೀವೇ ಅಲ್ವಾ ಹೊಲೀತಿದ್ದದ್ದು? ಅಳತೆ ಇದೆಯಾ?"

"ಇಲ್ದೇ ಏನಮ್ಮ" ಎಂದು ಅವನು ಹಲಗೆಯಿಂದ ಎಂಟನೆಯ ಪುಸ್ತಕ ತೆಗೆದ.

"ಹದಿನೆಂಟನೇ ತಾರೀಖಿನೊಳಗೆ ಕೊಟ್ಬಿಡಿ. ಹತ್ತೊಂಬತ್ತಕ್ಕೆ ನಾನು ಆಯೋಗದ ಮುಂದೆ ಹೋಗ್ಬೇಕು."

"ಯಾವ ಆಯೋಗ?"

"ಹಳೇ ಕೇಸುಗಳನ್ನ ಮತ್ತೆ ನೋಡ್ತಿದಾರಲ್ಲ. ಆ ಹಮಾಲಿ ಅರ್ಜಿ ಹಾಕಿದಾನೆ, ತಾನು ಮಾಡಿಲ್ಲ, ಅಪರಾಧಿಗಳ ಪಟ್ಟಿಯಿಂದ ಹೆಸರು ತೆಗೀರಿ ಅಂತ. ಮನೆಯವರ ಅಭಿಪ್ರಾಯ ಕೇಳ್ತಾರಂತೆ. ಬೇಡ ಅಂತ ಹೇಳಿ ಬರ್ತೀನಿ. ಅಪ್ಪನ್ನ ಕೊಂದೋನಿಗೆ ಒಳ್ಳೇ ಹೆಸರು ಬೇರೆ ಬೇಕಂತೆ." ಅವಳ ದನಿ ಏರಲಿಲ್ಲ, ಬಹಳ ವರ್ಷ ಹೇಳಿಕೊಂಡು ಸವೆದ ಮಾತು.

ಅವಳು ಹೋದ ಮೇಲೆ ಅವನು ಫೋಟೋ ನೋಡಿದ. ಕೋಟು ಮಗುಚಿದ ಮೇಲೆ ತೆಗೆಸಿದ್ದು, ಊರಿಗೆಲ್ಲ ಗೊತ್ತಿದ್ದ ಫೋಟೋ ಅದು, ಪ್ರತಿಮೆ ಮಾಡಿದ್ದೂ ಅದನ್ನೇ ನೋಡಿಕೊಂಡು. ಜೇಬು ಎಡಕ್ಕಿತ್ತು, ಗುಂಡಿಗಳೂ ಸರಿಯಾದ ಕಡೆಗಿದ್ದವು. ತಾನು ಮಗುಚಿದ ಕೋಟು ಅಲ್ಲಿ ನೆಟ್ಟಗಾಗಿ ನಿಂತಿತ್ತು. ಸ್ಟುಡಿಯೋದವನು ಏನು ಮಾಡಿದ್ದಾನೆಂಬುದು ಅವನಿಗೆ ಬಹಳ ಹಿಂದೆಯೇ ಹೊಳೆದಿತ್ತು. ಬಲಕ್ಕೆ ಜೇಬು ಕಂಡು, ನೆಗೆಟಿವನ್ನು ತಾನೇ ಹಿಂದುಮುಂದು ಇಟ್ಟಿರಬೇಕೆಂದುಕೊಂಡು, ಅದನ್ನು ತಿರುಗಿಸಿ ಅಚ್ಚು ಹಾಕಿದ್ದ. ಕೋಟು ಸರಿಹೋಗಿತ್ತು, ಮನುಷ್ಯ ಅದಲುಬದಲಾಗಿದ್ದ.

ಹದಿನಾರು ದಿನ ಇತ್ತು. ಬಟ್ಟೆ ಕತ್ತರಿಸಿದ, ತೋಳು ಕೂಡಿಸಿದ, ಅಸ್ತರು ಹಾಕಿದ. ಜೇಬಿನ ಸರದಿ ಬಂದಾಗ ಸೀಮೆಸುಣ್ಣ ಹಿಡಿದು ಬಹಳ ಹೊತ್ತು ನಿಂತ. ಊಟಕ್ಕೆ ಕರೆಯಲು ಬಂದ ಹೆಂಡತಿ, "ಏನ್ರೀ, ಜೇಬಿಡೋಕೆ ಮುಹೂರ್ತ ನೋಡ್ತಿದೀರಾ?" ಅಂದಳು. ಅವನು ಬಲಭಾಗಕ್ಕೆ ಗೆರೆ ಎಳೆದ.

ಹದಿನೇಳನೆಯ ತಾರೀಖು ಮಗಳು ಬಂದು ಕೋಟನ್ನು ಎತ್ತಿ ಹಿಡಿದಳು.

"ಮಾಮ, ಕನ್ನಡಕ ಬದಲಾಯಿಸೋ ಕಾಲ ಬಂತು ನಿಮ್ಗೆ. ಜೇಬು ಉಲ್ಟಾ ಆಗಿದೆ."

"ಉಲ್ಟಾ ಆಗಿಲ್ಲಮ್ಮ. ಹೀಗೇ ಇತ್ತು."

"ಫೋಟೋದಲ್ಲಿ..."

"ಫೋಟೋನೇ ಉಲ್ಟಾ."

ಅವನು ಅವಳನ್ನು ಕೂರಿಸಿ, ತಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದ: ಮೊಣಕೈ ಹೊಳೆದದ್ದು, ಮಗುಚಿದ್ದು, ಸೊನ್ನೆ, ಚೌಕ ತುಂಡು, ಆರು ನಿಮಿಷ. ಜೇಬು ಬಲಕ್ಕಿದ್ದರೆ ಗುಂಡು ಬಿದ್ದದ್ದು ಬಲಕ್ಕೆ. ಬಲಗಡೆ ಹಮಾಲಿ ಇರಲಿಲ್ಲ. ಬಲಗಡೆ ಇದ್ದದ್ದು ಗಿರಣಿಯ ಕಿಟಕಿಗಳು.

ಅವಳು ಫೋಟೋವನ್ನು ಕೈಗೆತ್ತಿಕೊಂಡಳು.

"ಅಪ್ಪನ ಮಚ್ಚೆ ಬಲಗೆನ್ನೆ ಮೇಲಿತ್ತು" ಅಂದಳು. "ತೊಡೆ ಮೇಲೆ ಕೂತ್ಕೊಂಡು ಅದನ್ನ ಒತ್ತಿದ್ರೆ ಗಂಟೆ ಥರ ಟಿಂಗ್ ಅಂತಿದ್ರು. ಫೋಟೋದಲ್ಲಿ ಎಡಕ್ಕಿದೆ. ಚಿಕ್ಕೋಳಿದ್ದೆ, ನಂಗೇ ಸರಿಯಾಗಿ ನೆನಪಿಲ್ಲ ಅಂದ್ಕೊಂಡುಬಿಟ್ಟಿದ್ದೆ, ಇಷ್ಟು ವರ್ಷ." ಆಮೇಲೆ ತಲೆ ಎತ್ತಿ, "ನೀವು ಇಷ್ಟು ವರ್ಷ ಏನ್ ಮಾಡ್ತಿದ್ರಿ ಮಾಮ?" ಅಂದಳು.

"ಹೊಲೀತಿದ್ದೆ."

"ನಾಡಿದ್ದು ನಾನು ಅಲ್ಲಿ ಹೋಗಿ ಬೇಡ ಅಂದಿದ್ರೆ?"

"ಅದಕ್ಕೇ ಬಲಕ್ಕೆ ಹೊಲಿದೆ."

ಅವಳು ಎದ್ದು ನಿಂತಳು. "ಆಯೋಗದ ಮಾತು ಆಮೇಲೆ. ಮೊದ್ಲು ಅವನ ಮುಂದೆ ಹೇಳಿ. ನಡೀರಿ."

ಹಮಾಲಿಗೆ ಈಗ ಅರವತ್ತೆಂಟು. ಬಸ್ ನಿಲ್ದಾಣದ ಪಕ್ಕದ ಸೈಕಲ್ ಸ್ಟ್ಯಾಂಡಿನಲ್ಲಿ ಚೀಟಿ ಕೊಡುತ್ತಿದ್ದ. ಮೇಷ್ಟ್ರ ಮಗಳೆಂದು ತಿಳಿದಾಗ ಸ್ಟೂಲಿನಿಂದ ಎದ್ದು, ಸ್ಟೂಲನ್ನು ಅವಳ ಕಡೆ ತಳ್ಳಿದ. ಅವಳು ಕೂರಲಿಲ್ಲ. ಅರ್ಧ ಇಂಚು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ. ನಡುವೆ ಒಬ್ಬ ಸೈಕಲ್ ತೆಗೆದುಕೊಂಡು ಹೋಗಲು ಬಂದ. ಹಮಾಲಿ ಅವನ ಚೀಟಿ ಪಡೆದು, ಸಂಖ್ಯೆ ತಾಳೆ ನೋಡಿ, ಸರಪಳಿ ಬಿಚ್ಚಿ ಕಳಿಸಿ ವಾಪಸು ಬಂದ.

"ನಿಂಗೆ ಯಾವಾಗಿಂದ ಗೊತ್ತು?"

"ತೀರ್ಪು ಬಂದ ಮಾರನೇ ದಿನದಿಂದ."

"ನಮ್ಮಮ್ಮ ನಿನ್ ಅಂಗಡಿ ಮುಂದೇನೇ ನೀರಿಗೆ ಹೋಗ್ತಿದ್ಲು. ನೋಡಿದೀಯಾ?"

"ನೋಡಿದೀನಿ."

"ನಾನು ಒಳಗೆ ಹೋದ ಆರನೇ ವರ್ಷ ಸತ್ಲು. ಕೊಲೆಗಾರನ ತಾಯಿ ಅಂತ ಹೊರೋಕೆ ನಾಲ್ಕು ಜನ ಬರ್ಲಿಲ್ವಂತೆ. ಊರೋರದೆಲ್ಲ ಅಳತೆ ತೆಗೀತೀಯಲ್ಲ, ಹೇಳು. ಹನ್ನೊಂದು ವರ್ಷ ಎಷ್ಟು ಇಂಚು?"

ಮಗಳು ಮಧ್ಯೆ ಬಂದು, "ಅಣ್ಣಾ, ನಾನೂ ನಿಮ್ಮನ್ನ ಮೂವತ್ಮೂರು ವರ್ಷ ಬೈಕೊಂಡಿದೀನಿ" ಅಂದಳು.

"ನೀವು ಬಯ್ಯೋದು ನ್ಯಾಯ ಕಣಮ್ಮ. ನಿಮ್ಗೆ ಗೊತ್ತಿರ್ಲಿಲ್ಲ." ಅವನು ದರ್ಜಿಯ ಕಡೆ ನೋಡಲಿಲ್ಲ. "ಹತ್ತೊಂಬತ್ತಕ್ಕೆ ಹತ್ತು ಗಂಟೆಗೆ ಬರೋಕೆ ಹೇಳಿ ಇವನಿಗೆ. ಒಂಬತ್ತೂವರೆಗೇ ಬರ್ಲಿ. ಮೂವತ್ಮೂರು ವರ್ಷ ತಡ ಆಗಿದೆ, ಇನ್ನೂ ತಡ ಮಾಡೋದು ಬೇಡ."

ಅರ್ಧ ಇಂಚು ಒಂಬತ್ತಕ್ಕೇ ಹೋದ. ಆಯೋಗದ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಕಿವಿ ಸ್ವಲ್ಪ ಮಂದ. ರಟ್ಟಿಗೆ ಅಂಟಿಸಿದ ಹಳೆಯ ತುಂಡನ್ನು ಪೆಟ್ಟಿಗೆಯಿಂದ ತೆಗೆಸಿದರು. ಮೂವತ್ಮೂರು ವರ್ಷದ ನಂತರ ಅವನು ಅದನ್ನು ಮೊದಲ ಸಲ ಕೈಯಲ್ಲಿ ಹಿಡಿದ.

"ನೋಡಿ ಸ್ವಾಮಿ, ಎದೆ ಜೇಬಿನ ಬಾಯಿ ನೇರ ಇರಲ್ಲ. ತೋಳಿನ ಕಡೆ ಸ್ವಲ್ಪ ಮೇಲಕ್ಕೆ ಏರಿರತ್ತೆ. ಇದು ಏರಿರೋ ದಿಕ್ಕು ನೋಡಿದ್ರೆ ಇದು ಬಲಗಡೇದು. ರಟ್ಟಿನಿಂದ ಬಿಟ್ಟಿರೋ ಅಂಚು ಎತ್ತಿ ತುಂಡಿನ ಹಿಂದುಗಡೆ ನೋಡಿ, ಮಾಸಿದೆ. ಮುಂದೆ ಹೊಸದಾಗಿದೆ. ಮಗುಚಿದ ಬಟ್ಟೆ ಬಿಟ್ರೆ ಬೇರೆ ಯಾವುದೂ ಹೀಗಿರಲ್ಲ."

ಸರ್ಕಾರಿ ವಕೀಲರು ಎದ್ದರು. "ತುಂಡನ್ನ ಹಿಂದುಮುಂದು ಹಿಡಿದ್ರೆ ಎಡಗಡೇದೇ ಆಗತ್ತಲ್ಲ?"

"ಆಗತ್ತೆ ಸಾರ್. ಆದ್ರೆ ಜೇಬಿನ ಬಾಯಿ ಒಳಗಡೆ ಬರತ್ತೆ. ಕರವಸ್ತ್ರ ಇಡೋಕೆ ಕೋಟು ಬಿಚ್ಚಬೇಕಾಗತ್ತೆ."

ಸಭೆ ನಕ್ಕಿತು. ಅಧ್ಯಕ್ಷರು ಏನೆಂದು ಪಕ್ಕದವರನ್ನು ಕೇಳಿ, ತಿಳಿದುಕೊಂಡು, ಸ್ವಲ್ಪ ತಡವಾಗಿ ನಕ್ಕರು. ಮಗುಚಿದರೆ ಜೇಬು ಜಾಗ ಬದಲಿಸುವುದು ಹೇಗೆಂಬುದು ಮಾತ್ರ ಅವರಿಗೆ ಅರ್ಥವಾಗಲಿಲ್ಲ. ಅರ್ಧ ಇಂಚು ಸುತ್ತ ನೋಡಿ, "ಸಾರ್, ನಿಮ್ಮ ಕೋಟು ಒಂದ್ ನಿಮಿಷ ಕೊಡ್ತೀರಾ?" ಎಂದು ಸರ್ಕಾರಿ ವಕೀಲರನ್ನೇ ಕೇಳಿದ. ವಕೀಲರಿಗೆ ಅತ್ತ ದರಿ, ಇತ್ತ ಪುಲಿ. ಬಿಚ್ಚಿಕೊಟ್ಟರು. ಅವನು ಅದರ ಒಳಮೈ ಹೊರಗೆ ಮಾಡಿ ತೊಟ್ಟುಕೊಂಡು ನಿಂತ. ಜೇಬಿದ್ದ ಭಾಗ ಅವನ ಬಲ ಎದೆಯ ಮೇಲಿತ್ತು. ಅಸ್ತರಿನಲ್ಲಿ ಒಂದು ಕಡೆ ಹೊಲಿಗೆ ಬಿಟ್ಟಿದ್ದನ್ನೂ ಎಲ್ಲರೂ ನೋಡಿದರು.

ಆಮೇಲೆ ಪುಸ್ತಕ, ಅದರಲ್ಲಿನ ಸೊನ್ನೆ. ಮಗಳು ತಂದೆಯ ಹಳೆಯ ನೌಕರಿ ದಾಖಲೆ ತಂದಿದ್ದಳು. ಗುರುತಿನ ಚಿಹ್ನೆ ಎಂಬಲ್ಲಿ 'ಬಲಗೆನ್ನೆಯಲ್ಲಿ ಮಚ್ಚೆ' ಎಂದಿತ್ತು. ಅಂದರೆ ತಿರುಗಿದ್ದು ಫೋಟೋ. ಫೋಟೋದ ಜೇಬಿಗೆ ಬೆಲೆಯಿಲ್ಲ. ಮನೆಯವರ ಅಭಿಪ್ರಾಯವೇನೆಂದು ಅಧ್ಯಕ್ಷರು ಕೇಳಿದಾಗ ಅವಳು, "ಇವರ ಹೆಸರು ತೆಗೀರಿ" ಅಂದಳು.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಎಂದು ಅಧ್ಯಕ್ಷರು ದರ್ಜಿಯನ್ನು ಕೇಳಿದರು. ಅವನು ಮೂರು ಉತ್ತರಗಳಲ್ಲಿ ಮೂರನೆಯದನ್ನು ಹೇಳಿದ: "ಅಂಗಡಿ ಹೋಗತ್ತೆ ಅಂತ ಹೆದರಿದ್ದೆ."

ಆದೇಶ ಬರಲು ಐದು ತಿಂಗಳು ಹಿಡಿಯಿತು. ಹಮಾಲಿ ನಿರಪರಾಧಿ, ಶಿಕ್ಷೆ ರದ್ದು. ಗುಂಡು ಹಾರಿಸಿದವರು ಯಾರೆಂಬುದು ಈ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ. ಬಲಗಡೆಯ ಕಟ್ಟಡವನ್ನು ಕೆಡವಿ ಹತ್ತೊಂಬತ್ತು ವರ್ಷಗಳಾಗಿವೆ. ಅಂದು ಅಲ್ಲಿದ್ದ ಕಾವಲುಗಾರರ ಪಟ್ಟಿ ಲಭ್ಯವಿಲ್ಲ. ಇಷ್ಟನ್ನು ಒಂದೂವರೆ ಪುಟದಲ್ಲಿ ಬರೆದಿದ್ದರು.

ಸ್ಮಾರಕದ ಸಮಿತಿಯವರು ಹೊಸ ಕೋಟನ್ನು ಒಪ್ಪಲಿಲ್ಲ. ಪ್ರತಿಮೆಗೆ ಹೊಂದುವುದಿಲ್ಲ, ಅಲ್ಲದೆ ಅಂಥ ದೊಡ್ಡವರು ಹಳೆಯ ಕೋಟನ್ನು ಮಗುಚಿಸಿ ಹಾಕಿಕೊಳ್ಳುತ್ತಿದ್ದರೆಂದರೆ ಚೆನ್ನಾಗಿರುವುದಿಲ್ಲ ಅಂದರು. ಮಗಳು ಸಮಿತಿಯವರ ಜೊತೆ ಇನ್ನೂ ಜಗಳವಾಡುತ್ತಿದ್ದಾಳೆ. ಅಲ್ಲಿಯವರೆಗೆ ಕೋಟು ಅವಳ ಶಾಲೆಯ ಕೋಣೆಯ ಗೋಡೆಯಲ್ಲಿದೆ, ಯಾರು ಬೇಕಾದರೂ ಹೋಗಿ ನೋಡಬಹುದು.

ಆದೇಶ ಬಂದ ಮೂರನೆಯ ವಾರ ಹಮಾಲಿ ಅಂಗಡಿಗೆ ಬಂದ. ಬೆಂಚಿನ ಮೇಲೆ ಕೂರಲಿಲ್ಲ. ಕಂಕುಳಲ್ಲಿ ಕಾಗದದಲ್ಲಿ ಸುತ್ತಿದ ಬಟ್ಟೆ.

"ಮೇಷ್ಟ್ರ ಮಗಳು ಅವರಪ್ಪನ ನೆನಪಿನ ದಿನಕ್ಕೆ ಕರೆದಿದಾಳೆ. ಮುಂದಿನ ಸಾಲಲ್ಲಿ ಕೂತ್ಕೋಬೇಕಂತೆ. ಒಂದು ಕೋಟು ಹೊಲಿ."

"ಹೊಲೀತೀನಿ."

"ನಿನ್ನ ಕ್ಷಮಿಸಿದೀನಿ ಅಂತ ಅಂದ್ಕೋಬೇಡ ಮತ್ತೆ. ಕೋಟು ಹೊಲಿಯೋನು ಈ ಬೀದಿಗೆ ನೀನೊಬ್ನೇ ಇರೋದು, ಅದಕ್ಕೆ ಬಂದೆ."

"ಗೊತ್ತು. ಕೈ ಎತ್ತು."

ಹಮಾಲಿ ಕೈ ಎತ್ತಿ ನಿಂತ. ಮೂಟೆ ಹೊತ್ತು ಎಡ ಭುಜ ಬಲಭುಜಕ್ಕಿಂತ ಮುಕ್ಕಾಲು ಇಂಚು ತಗ್ಗಿತ್ತು. ಅರ್ಧ ಇಂಚು ಎರಡನ್ನೂ ಬೇರೆಬೇರೆಯಾಗಿ ಅಳೆದು, ಪುಸ್ತಕದಲ್ಲಿ ಹೆಸರು ಬರೆದು, ಭುಜ, ಎದೆ, ಸೊಂಟ, ತೋಳು ಎಂದು ಒಂದರ ಕೆಳಗೊಂದು ಬರೆದುಕೊಂಡ. ಆಮೇಲೆ ಟೇಪನ್ನು ಕೊರಳಿಗೆ ಹಾಕಿಕೊಂಡು, "ಒಂದು ಅರ್ಧ ಇಂಚು ಒಳಗೆ..." ಎಂದು ಶುರುಮಾಡಿದ.

"ಏನೂ ಬಿಡ್ಬೇಡ ಒಳಗೆ" ಅಂದ ಹಮಾಲಿ. "ಅರವತ್ತೆಂಟು ಆಯ್ತು ನಂಗೆ. ಇನ್ಯಾವಾಗ ದಪ್ಪ ಆಗ್ಲಿ?"

ಅರ್ಧ ಇಂಚು ಅಭ್ಯಾಸಬಲದಿಂದ ಆಗಲೇ ಕೂಡಿಸಿ ಬರೆದಿದ್ದ ಅಂಕಿಯನ್ನು ಹೊಡೆದುಹಾಕಿ, ಇದ್ದ ಅಳತೆಯನ್ನು ಇದ್ದ ಹಾಗೆ ಬರೆದ.